ಹನ್ನೆರಡು ಇಂಚಿನ ಗ್ಲೋಬ್: ಒಂದು ಶಾಲಾ ವರ್ಷ ಬಳಸಿದ ಮೇಲೆ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ, ಶಾಲೆ ಶುರುವಾಗಲು ಎರಡು ದಿನವಿರುವಾಗ, ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಸ್ಟೇಷನರಿ ಅಂಗಡಿಯಲ್ಲಿ 1,350 ರೂಪಾಯಿ ಕೊಟ್ಟು ಈ ಗ್ಲೋಬ್ ಕೊಂಡೆ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜ ಕುಂದಗೋಳ ದಾಟುವವರೆಗೂ ಸುಮ್ಮನೆ ನೋಡುತ್ತಿದ್ದು, ಆಮೇಲೆ ಕೇಳಿದರು: ‘ಇದರಲ್ಲಿ ನಮ್ಮ ಊರು ಎಲ್ಲಿದೆ ತಂಗಿ?’ ನಾನು ಬೆರಳಿಟ್ಟು ತೋರಿಸಿದೆ. ‘ಬೆರಳಿನ ಕೆಳಗೆ ಹುಬ್ಬಳ್ಳಿಯೂ ಬಂತು, ಗದಗವೂ ಬಂತು, ನಮ್ಮ ಊರು ಎಲ್ಲಿ?’ ಎಂದರು. ಆ ಪ್ರಶ್ನೆ ಇಡೀ ವರ್ಷ ನನ್ನ ಜೊತೆ ಉಳಿಯಿತು.

ನಾನು ಶಿರಹಟ್ಟಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಮೊದಲೇ ಒಂದು ಗ್ಲೋಬ್ ಇತ್ತು. ಕಪಾಟಿನಲ್ಲಿ, ಪಾಲಿಥಿನ್ ಚೀಲದ ಒಳಗೆ, ಯಾರೂ ಮುಟ್ಟದಂತೆ ಜೋಪಾನವಾಗಿ. ಬಿಚ್ಚಿ ನೋಡಿದರೆ ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಇತ್ತು. 1991ರಲ್ಲಿ ಇಲ್ಲವಾದ ದೇಶ ನಮ್ಮ ಕಪಾಟಿನಲ್ಲಿ ಉಳಿದುಕೊಂಡಿತ್ತು. ಮಕ್ಕಳ ಕೈಗೆ ಕೊಡದೆ ಕಾಪಾಡಿದ ವಸ್ತುವಿನ ಗತಿ ಇದು. ಅದಕ್ಕೇ ಹೊಸದನ್ನು ನನ್ನ ದುಡ್ಡಿನಲ್ಲಿ ಕೊಂಡೆ. ಕಪಾಟಿಗೆ ಲೆಕ್ಕ ಕೊಡುವ ಭಯವಿಲ್ಲದೆ ಮಕ್ಕಳು ಮುಟ್ಟಲಿ ಎಂಬುದೇ ನನ್ನ ಆಸೆ.

ಅಂಗಡಿಯಲ್ಲಿ ಮೂರು ಬಗೆ ಇದ್ದವು. ಎಂಟು ಇಂಚಿನದು 550 ರೂಪಾಯಿ. ಅದರಲ್ಲಿ ಅಕ್ಷರಗಳು ಇರುವೆ ಸಾಲಿನಂತಿದ್ದು, ಹತ್ತು ಮಕ್ಕಳು ಸುತ್ತ ನಿಂತರೆ ಯಾರಿಗೂ ಕಾಣುವುದಿಲ್ಲ. ಇನ್ನೊಂದು, ಪೆನ್ನು ತಾಗಿಸಿದರೆ ಮಾತನಾಡುವಂಥದ್ದು, ನಾಲ್ಕು ಸಾವಿರಕ್ಕೂ ಹೆಚ್ಚು. ಅಂಗಡಿಯವರು ಬಹಳ ಉತ್ಸಾಹದಿಂದ ತೋರಿಸಿದರು. ದೇಶಕ್ಕೆ ಪೆನ್ನು ಮುಟ್ಟಿಸಿದರೆ ರಾಜಧಾನಿ, ಜನಸಂಖ್ಯೆ, ನಾಣ್ಯ, ರಾಷ್ಟ್ರಗೀತೆ, ಎಲ್ಲ ಇಂಗ್ಲಿಷಿನಲ್ಲಿ ಹೇಳುತ್ತದೆ. ನನಗೆ ಅದು ಬೇಡವೆನಿಸಿತು. ಮಗು ಕೇಳುವ ಮೊದಲೇ ಉತ್ತರ ಹೇಳಿಬಿಡುವ ವಸ್ತುವಿನ ಮುಂದೆ ಮಗುವಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ನಾನು ಆರಿಸಿದ್ದು ಮೂರನೆಯದನ್ನು: ದೀಪವಿಲ್ಲದ, ಮಾತಿಲ್ಲದ, ದೇಶಗಳ ಗಡಿ ತೋರಿಸುವ ಹನ್ನೆರಡು ಇಂಚಿನ ರಾಜಕೀಯ ಗ್ಲೋಬ್.

ಕೊಳ್ಳುವ ಮೊದಲು ಎರಡು ಕಡೆ ನೋಡಿ. ಆಫ್ರಿಕಾದಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಗಿ ಇದೆಯೇ? ಅದು ಹುಟ್ಟಿದ್ದು 2011ರಲ್ಲಿ. ಆಫ್ರಿಕಾದ ದಕ್ಷಿಣ ತುದಿಯ ಹತ್ತಿರದ ಪುಟ್ಟ ದೇಶಕ್ಕೆ ಸ್ವಾಜಿಲ್ಯಾಂಡ್ ಎಂದಿದೆಯೋ ಎಸ್ವಾಟಿನಿ ಎಂದಿದೆಯೋ? ಹೆಸರು ಬದಲಾದದ್ದು 2018ರಲ್ಲಿ. ಇವೆರಡನ್ನು ನೋಡಿದರೆ ಮುದ್ರಣ ಎಷ್ಟು ಹಳೆಯದು ಎಂಬುದು ಗೊತ್ತಾಗುತ್ತದೆ. ನನ್ನದರಲ್ಲಿ ದಕ್ಷಿಣ ಸುಡಾನ್ ಇದೆ, ಸ್ವಾಜಿಲ್ಯಾಂಡ್ ಹಾಗೇ ಉಳಿದಿದೆ. ಅಂಗಡಿಯಲ್ಲಿದ್ದ ಎಲ್ಲವೂ ಹಾಗೇ ಇದ್ದುದರಿಂದ ತಂದೆ.

ಮೊದಲ ದಿನ ಮೇಜಿನ ಮೇಲೆ ಇಟ್ಟು ಏನೂ ಹೇಳದೆ ಹಿಂದೆ ಸರಿದು ನಿಂತೆ. ಬಸ್ಸಿನ ಅಜ್ಜನ ಪ್ರಶ್ನೆಯೇ ಬಂತು: ‘ಅಕ್ಕೋರೇ, ನಮ್ಮ ಊರು ಎಲ್ಲಿ?’ ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರು ಬಿಟ್ಟರೆ ಬೇರೆ ಹೆಸರಿಲ್ಲ. ಒಬ್ಬಳು ತನ್ನ ಅವ್ವನ ಟಿಕಳಿ ಪ್ಯಾಕೆಟ್ಟಿನಿಂದ ಎಲ್ಲಕ್ಕಿಂತ ಸಣ್ಣ ಕೆಂಪು ಟಿಕಳಿ ತಂದಳು. ಅಂದಾಜಿನ ಮೇಲೆ ಊರಿರುವ ಕಡೆ ಹಚ್ಚಿದೆವು. ಆ ಟಿಕಳಿ ಎರಡು ಮಿಲಿಮೀಟರ್ ಅಗಲ. ಭೂಮಿಯ ಸುತ್ತಳತೆ ಸಮಭಾಜಕ ವೃತ್ತದ ಉದ್ದಕ್ಕೆ 40,075 ಕಿಲೋಮೀಟರ್. ಈ ಗ್ಲೋಬಿನ ಸುತ್ತಳತೆ 96 ಸೆಂಟಿಮೀಟರಿಗೆ ಚೂರು ಕಡಿಮೆ. ಅಂದರೆ ಒಂದು ಮಿಲಿಮೀಟರಿಗೆ ಸುಮಾರು 42 ಕಿಲೋಮೀಟರ್. ನಮ್ಮ ಊರಿನ ಟಿಕಳಿಯ ಅಡಿಯಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಗದಗ ಎಲ್ಲ ಹೊಕ್ಕು ಕುಳಿತವು.

ಟಿಕಳಿ ತಂದ ಹುಡುಗಿಯ ಅಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ಅವರ ಮನೆಯಲ್ಲೂ ಅಪ್ಪ ಬರುವುದು ಹಬ್ಬಕ್ಕೆ, ಜಾತ್ರೆಗೆ. ಗೋವಾ ಎಷ್ಟು ದೂರ ಎಂದು ಆಕೆ ಕೇಳಿದಳು. ಸ್ಕೇಲಿನಲ್ಲಿ ಅಳೆದರೆ ನಾಲ್ಕು ಮಿಲಿಮೀಟರಿಗೆ ಚೂರು ಹೆಚ್ಚು. ಆ ಹೊತ್ತಿಗೆ ಒಬ್ಬ ಹುಡುಗನ ಕಿಸೆಯಲ್ಲಿ ಜೋಳದ ಕಾಳುಗಳಿದ್ದವು. ಒಂದು ಕಾಳನ್ನು ಟಿಕಳಿಯ ಪಕ್ಕ ಇಟ್ಟು ನೋಡಿದ. ಕಾಳಿನ ಆಚೆಯ ತುದಿ ಹೆಚ್ಚೂ ಕಡಿಮೆ ಗೋವಾಕ್ಕೆ ಮುಟ್ಟಿತು. ‘ಅಪ್ಪ ಒಂದು ಕಾಳು ದೂರ ಇದ್ದಾನೆ’ ಎಂದಳು ಆಕೆ. ಅಂದಿನಿಂದ ನಮ್ಮ ತರಗತಿಯಲ್ಲಿ ಜಗತ್ತನ್ನು ಅಳೆಯುವ ಮಾಪು ಜೋಳದ ಕಾಳು. ಬೆಂಗಳೂರು ಎರಡು ಕಾಳು. ಸಮಭಾಜಕ ವೃತ್ತದ ಸುತ್ತ ಇನ್ನೂರ ನಲವತ್ತು ಕಾಳು. ಇದನ್ನು ಎಣಿಸಲು ಐದನೆಯ ತರಗತಿಯ ಮಕ್ಕಳು ಒಂದಿಡೀ ಶನಿವಾರದ ಬೆಳಿಗ್ಗೆ ತೆಗೆದುಕೊಂಡರು. ದಾರಕ್ಕೆ ಗೋಂದು ಹಚ್ಚಿ ಕಾಳು ಅಂಟಿಸಿ ಸರ ಮಾಡಿ ಸುತ್ತಿದರು.

ಗೋಡೆಯ ನಕ್ಷೆ ಸಾಲದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದರು. ನಮ್ಮ ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ಉಂಡೆಯನ್ನು ಬಿಚ್ಚಿ ಹಾಳೆಯಂತೆ ಹಾಸಿದರೆ ಧ್ರುವಗಳ ಕಡೆಯ ನೆಲವೆಲ್ಲ ಹಿಗ್ಗುತ್ತದೆ. ಇದನ್ನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ ಅಷ್ಟೇ. ಕೈಯಿಂದ ಮಾಡಿದರೆ ನಂಬುತ್ತಾರೆ. ಬೆಣ್ಣೆಕಾಗದವನ್ನು ಗ್ಲೋಬಿನ ಮೇಲೆ ಹಿಡಿದು ಭಾರತದ ಅಂಚು ತಿದ್ದಿ, ಕತ್ತರಿಸಿ, ಆಫ್ರಿಕಾದ ಮೇಲೆ ಸರಿಸುತ್ತಾ ಹೋದರು. ಭಾರತ 32.87 ಲಕ್ಷ ಚದರ ಕಿಲೋಮೀಟರ್, ಆಫ್ರಿಕಾ ಮೂರು ಕೋಟಿ. ಒಂಬತ್ತು ಭಾರತ ಹಿಡಿಸುತ್ತವೆ. ಮಕ್ಕಳ ಎಣಿಕೆ ಎಂಟಕ್ಕೆ ಬಂದು ನಿಂತಿತು, ಅಂಚುಗಳಲ್ಲಿ ಕಾಗದ ಸರಿಯಾಗಿ ಕೂಡಲಿಲ್ಲ. ನನಗೆ ಅದರಿಂದ ಬೇಸರವಿಲ್ಲ. ಎಂಟು ಎಂಬುದು ಅವರು ತಾವೇ ಕಂಡುಕೊಂಡ ಸಂಖ್ಯೆ.

ಇನ್ನು ಈ ಗ್ಲೋಬಿನ ದೊಡ್ಡ ಕೊರತೆ. ಇದರಲ್ಲಿ ಒಂದಕ್ಷರ ಕನ್ನಡವಿಲ್ಲ. ಕನ್ನಡದಲ್ಲಿ ಮುದ್ರಿಸಿದ್ದು ಇದೆಯೇ ಎಂದು ಆ ಅಂಗಡಿಯಲ್ಲೂ ಕೇಳಿದೆ, ಧಾರವಾಡದ ಸುಭಾಷ್ ರಸ್ತೆಯಲ್ಲಿ ಎರಡು ಅಂಗಡಿಗಳಲ್ಲೂ ಕೇಳಿದೆ, ಸಿಗಲಿಲ್ಲ. ಒಂಬತ್ತು ವರ್ಷದ ಮಗು ಈಗಷ್ಟೇ ಒತ್ತಕ್ಷರಗಳನ್ನು ಸರಾಗವಾಗಿ ಓದಲು ಕಲಿತಿರುತ್ತದೆ. ಅದರ ಕೈಗೆ ಇಡೀ ಜಗತ್ತನ್ನು ಕೊಟ್ಟು, ಅದು ಓದಲಾರದ ಲಿಪಿಯಲ್ಲಿ ಕೊಟ್ಟರೆ, ಈ ಜಗತ್ತು ನಿನ್ನದಲ್ಲ ಎಂದು ಹೇಳಿದಂತೆಯೇ ಆಗುತ್ತದೆ. ನನಗೆ ಇದು ಸಣ್ಣ ಮಾತಲ್ಲ.

ನಾವು ಕಂಡುಕೊಂಡ ದಾರಿ ಚೀಟಿ. ಸಣ್ಣ ಕಾಗದದ ಚೂರಿನ ಮೇಲೆ ಕನ್ನಡದಲ್ಲಿ ಹೆಸರು ಬರೆದು, ಮೇಲೆ ಪಾರದರ್ಶಕ ಟೇಪು. ಆದರೆ ಒಂದು ನಿಯಮ ಮಾಡಿದೆ: ನಮಗೂ ಆ ದೇಶಕ್ಕೂ ಏನಾದರೂ ಸಂಬಂಧ ಗೊತ್ತಾದ ಮೇಲೆಯೇ ಚೀಟಿ. ಸುಮ್ಮನೆ ಪಟ್ಟಿ ನೋಡಿ ಅಂಟಿಸುವಂತಿಲ್ಲ. ಮಕ್ಕಳಲ್ಲಿ ಜಾಗತಿಕ ದೃಷ್ಟಿ ಬೆಳೆಸಬೇಕು ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಬಹಳ ಕಡೆ ಅದು ಧ್ವಜಗಳ ಚಾರ್ಟು ಮತ್ತು ರಾಜಧಾನಿಗಳ ಬಾಯಿಪಾಠವಾಗಿ ಮುಗಿಯುತ್ತದೆ. ನಮ್ಮ ಗ್ಲೋಬಿನಲ್ಲಿ ಜೂನ್ ಕೊನೆಗೆ ಒಂದೇ ಚೀಟಿ ಇತ್ತು, ಭಾರತ. ಮಾರ್ಚ್ ಹೊತ್ತಿಗೆ ಮೂವತ್ತೊಂದು.

ಅವುಗಳಲ್ಲಿ ಹೆಚ್ಚಿನವು ಬಿಸಿಯೂಟದ ಕೋಣೆಯಿಂದ ಬಂದವು. ಜುಲೈಯಲ್ಲಿ ಒಂದು ದಿನ ಗ್ಲೋಬನ್ನು ಅಡುಗೆಕೋಣೆಯ ಕಟ್ಟೆಯ ಮೇಲೆ ಇಟ್ಟೆ. ಅಡುಗೆ ಮಾಡುವ ಅಕ್ಕ ಸಾರಿಗೆ ಬೇಕಾದದ್ದೆಲ್ಲ ಮೊರದಲ್ಲಿ ಹಾಕಿ ಕೊಟ್ಟಳು. ಒಂದೊಂದರ ತವರು ಹುಡುಕಿದೆವು. ಟೊಮೆಟೊ, ಆಲೂಗಡ್ಡೆ ದಕ್ಷಿಣ ಅಮೆರಿಕದ ಪಶ್ಚಿಮದ ಬೆಟ್ಟದ ಸೀಮೆಯವು; ಆಲೂಗಡ್ಡೆಯ ಹೆಸರಿನಲ್ಲಿ ಪೆರುವಿಗೆ ಚೀಟಿ ಬಿತ್ತು. ಶೇಂಗಾದ ತವರು ಬೊಲಿವಿಯಾ, ಅರ್ಜೆಂಟೀನಾ ಕಡೆ. ಗೋವಿನಜೋಳ ಮೆಕ್ಸಿಕೊದ್ದು. ತೊಗರಿ ನಮ್ಮದೇ, ಇಲ್ಲಿಂದ ಬೇರೆ ಕಡೆ ಹೋದದ್ದು. ಇದು ಮಕ್ಕಳಿಗೆ ಬಹಳ ಹಿಡಿಸಿತು. ಮೆಣಸಿನಕಾಯಿಯ ಸರದಿ ಬಂದಾಗ ಅಡುಗೆಯ ಅಕ್ಕ ನನ್ನನ್ನೇ ತಡೆದಳು. ‘ಬೇರೆ ಏನಾದರೂ ಹೇಳಿ ಅಕ್ಕೋರೇ, ಬ್ಯಾಡಗಿ ಮೆಣಸಿನಕಾಯಿ ಹೊರಗಿನದು ಎಂದು ಮಾತ್ರ ಹೇಳಬೇಡಿ. ನನ್ನ ತವರು ಬ್ಯಾಡಗಿಯ ಹತ್ತಿರ. ನಮ್ಮ ಅಜ್ಜಿಯ ಅಜ್ಜಿಯೂ ಅದನ್ನೇ ಒಣಹಾಕುತ್ತಿದ್ದಳು.’

ಆಕೆಯ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಮೆಣಸಿನಕಾಯಿ ಎಂಬ ಗಿಡ ಮೆಕ್ಸಿಕೊ ಕಡೆಯದು. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದ ಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೂ ಮೊದಲು ನಮ್ಮ ಹಿರಿಯರು ಖಾರಕ್ಕೆ ಬಳಸುತ್ತಿದ್ದದ್ದು ಕರಿಮೆಣಸು. ಬಂದ ಗಿಡವನ್ನು ಇಲ್ಲಿನ ರೈತರು ತಲೆಮಾರುಗಳ ಕಾಲ ಬೀಜ ಆರಿಸಿ ಆರಿಸಿ, ಖಾರ ಕಡಿಮೆ, ಬಣ್ಣ ಹೆಚ್ಚು, ಮೈತುಂಬ ಸುಕ್ಕು ಇರುವ ಬ್ಯಾಡಗಿಯಾಗಿ ಮಾಡಿದರು. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ, ಅಂದರೆ ಆ ಸೀಮೆಯದೇ ಬೆಳೆ ಎಂಬ ಕಾನೂನಿನ ಗುರುತೂ (ಜಿಐ), ಸಿಕ್ಕಿತು. ಮೆಕ್ಸಿಕೊದಿಂದ ಆಫ್ರಿಕಾ ಬಳಸಿ ಗೋವಾಕ್ಕೆ, ಗೋವಾದಿಂದ ಬ್ಯಾಡಗಿಗೆ ಕೆಂಪು ಉಣ್ಣೆಯ ದಾರ ಎಳೆದೆವು. ಅಕ್ಕ ಸೌಟು ಕೆಳಗಿಟ್ಟು ದಾರವನ್ನು ಬೆರಳಿನಿಂದ ಪೂರ್ತಿ ಹಿಂಬಾಲಿಸಿದಳು. ‘ಅಷ್ಟು ದೂರದಿಂದ ಬಂದು ನಮ್ಮ ಮನೆಯ ಮಗಳಾಯಿತು’ ಎಂದಳು. ಮೆಕ್ಸಿಕೊದ ಚೀಟಿಯನ್ನು ಆಕೆಯ ಕೈಯಿಂದಲೇ ಅಂಟಿಸಿದೆವು.

ಈ ವರ್ಷದ ನನ್ನ ಮನಸ್ಸಿಗೆ ಹತ್ತಿರವಾದ ಪಾಠ ಜೋಳದ್ದು. ಆಗಸ್ಟ್‌ನಲ್ಲಿ ಒಬ್ಬ ಹುಡುಗ ಆಫ್ರಿಕಾದ ಮೇಲೆ ಕೈಯಿಟ್ಟು, ‘ಇಲ್ಲಿ ಬರೀ ಕಾಡು, ಇವರಿಗೆ ಏನೂ ಗೊತ್ತಿಲ್ಲ’ ಎಂದ. ಮೊಬೈಲ್‌ನಲ್ಲಿ ಕಂಡದ್ದನ್ನು ಹೇಳಿದ, ಅವನ ತಪ್ಪಲ್ಲ. ಬೈಯಲಿಲ್ಲ. ನಮ್ಮ ಕೆಂಪು ಟಿಕಳಿಯ ಮೇಲೆ ಬೆರಳಿಡಲು ಹೇಳಿದೆ. ಅಕ್ಷಾಂಶದ ಗೆರೆಗಳ ನಡುವೆ ಮೇಲೂ ಕೆಳಗೂ ಹೋಗದೆ ನೇರ ಪಶ್ಚಿಮಕ್ಕೆ ಬೆರಳು ಎಳೆಯಲು ಹೇಳಿದೆ. ಸಮುದ್ರ ದಾಟಿತು, ಅರೇಬಿಯಾ ದಾಟಿತು, ಕೆಂಪು ಸಮುದ್ರ ದಾಟಿತು, ಸುಡಾನಿನ ರಾಜಧಾನಿ ಖಾರ್ಟೂಮ್ ಮೇಲೆ ಬಂದು ನಿಂತಿತು. ಗದಗ ಮತ್ತು ಖಾರ್ಟೂಮ್ ಹೆಚ್ಚೂ ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಹದಿನೈದೂವರೆ ಡಿಗ್ರಿ ಉತ್ತರದ ಆಸುಪಾಸು. ‘ಇವತ್ತು ಬುತ್ತಿಯಲ್ಲಿ ಏನು ತಂದಿದ್ದೀಯ?’ ಎಂದೆ. ‘ರೊಟ್ಟಿ, ಶೇಂಗಾ ಚಟ್ನಿ’ ಎಂದ. ‘ಆ ರೊಟ್ಟಿಯ ಜೋಳವನ್ನು ಸಾವಿರಾರು ವರ್ಷಗಳ ಹಿಂದೆ ಮೊದಲು ಹುಲ್ಲಿನಿಂದ ಆರಿಸಿ ಬೆಳೆ ಮಾಡಿದವರು ನಿನ್ನ ಬೆರಳಿರುವ ಸೀಮೆಯ ಜನ. ಅವರಿಗೆ ಗೊತ್ತಿದ್ದದ್ದರಿಂದಲೇ ನಿನ್ನ ಬುತ್ತಿ ತುಂಬಿದೆ’ ಎಂದೆ. ಅವನು ಬೆರಳು ತೆಗೆಯಲಿಲ್ಲ. ಊಟದ ಹೊತ್ತಿನಲ್ಲಿ ಒಬ್ಬನೇ ಬಂದು ಕಾಳಿನ ಸರ ಹಿಡಿದು ಅಳೆದ. ಇಪ್ಪತ್ತೇಳು ಕಾಳು. ಸುಡಾನಿನ ಚೀಟಿ ಬರೆದವನು ಅವನೇ, ದುಂಡಾದ ಅಕ್ಷರಗಳಲ್ಲಿ.

ಹತ್ತಿಯ ಕತೆಯನ್ನು ಐದನೆಯ ತರಗತಿಗೆ ಮಾತ್ರ ಹೇಳಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದದ್ದು, ಬಂಡಿಗಳಲ್ಲಿ ಘಟ್ಟ ಇಳಿದು ಬಂದರಿಗೆ ಹೋದದ್ದು. ಅದಕ್ಕೆ ಎರಡು ದಾರ, ಎರಡು ಚೀಟಿ.

ಗ್ಲೋಬನ್ನು ಸ್ಟ್ಯಾಂಡಿನಿಂದ ಕಳಚಬಹುದೇ ಎಂಬುದನ್ನು ಕೊಳ್ಳುವಾಗ ಖಂಡಿತ ನೋಡಿಕೊಳ್ಳಿ. ಇದರಲ್ಲಿ ಧ್ರುವಗಳ ಕಡೆ ಎರಡು ನಟ್ಟುಗಳಿವೆ, ಬಿಚ್ಚಿದರೆ ಉಂಡೆ ಕೈಗೆ ಬರುತ್ತದೆ. ಜನವರಿಯ ಒಂದು ಮಧ್ಯಾಹ್ನ ಹನ್ನೆರಡೂವರೆಗೆ ಅಂಗಳದಲ್ಲಿ, ನೀರಿನ ಕೊಡಕ್ಕೆ ಬಳಸುವ ಸಿಂಬಿಯ ಮೇಲೆ ಅದನ್ನು ಕೂರಿಸಿದೆವು. ನಮ್ಮ ಟಿಕಳಿ ನೆತ್ತಿಗೆ, ಉತ್ತರ ಧ್ರುವ ಉತ್ತರಕ್ಕೆ. ಹಾಗೆ ಇಟ್ಟರೆ ಬಿಸಿಲಿನಲ್ಲಿ ಪುಟ್ಟ ಭೂಮಿ ದೊಡ್ಡ ಭೂಮಿಯಂತೆಯೇ ಬೆಳಗುತ್ತದೆ. ಬೆಂಕಿಕಡ್ಡಿಯ ಚೂರುಗಳನ್ನು ಗೋಧಿ ಕಣಕದಲ್ಲಿ ಅಲ್ಲಲ್ಲಿ ನಿಲ್ಲಿಸಿದೆವು. ಟಿಕಳಿಯ ಮೇಲಿನ ಕಡ್ಡಿಗೆ ಗಿಡ್ಡ ನೆರಳು. ಜಪಾನಿನ ಕಡ್ಡಿಗೆ ಉದ್ದ ನೆರಳು, ಅಲ್ಲಿ ಸಂಜೆ ನಾಲ್ಕು. ಲಂಡನ್ನಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಉಂಡೆಯ ಕೆಳಗೆ ಬಗ್ಗಿ ನೋಡಿದರೆ ಅಮೆರಿಕದ ಎರಡೂ ಖಂಡಗಳು ಕತ್ತಲಲ್ಲಿ. ಒಬ್ಬಳು ಮಣ್ಣಿನಲ್ಲಿ ಹೊಟ್ಟೆ ಹಚ್ಚಿ ಮಲಗಿ ಕೆಳಗಿನಿಂದ ನೋಡಿ, ದನಿ ತಗ್ಗಿಸಿ, ‘ಅಲ್ಲಿ ಎಲ್ಲರೂ ಮಲಗಿದ್ದಾರೆ’ ಎಂದಳು. ಯಾರೂ ಗ್ಲೋಬನ್ನು ಮುಟ್ಟಬಾರದೆಂದು ಹೇಳಿ ಒಳಗೆ ಹೋದೆವು. ನಾಲ್ಕು ಗಂಟೆಗೆ ಬಂದು ನೋಡಿದಾಗ ಬೆಳಕಿನ ಅಂಚು ಸರಿದು ಲಂಡನ್ ದಾಟಿ ಬ್ರೆಜಿಲ್ಲಿನ ಪೂರ್ವದ ತುದಿಗೆ ಬೆಳಗಾಗಿತ್ತು. ಉಂಡೆಯನ್ನು ಯಾರೂ ತಿರುಗಿಸಿರಲಿಲ್ಲ. ಹಾಗಾದರೆ ತಿರುಗಿದ್ದು ಏನು ಎಂಬ ಮಾತು ಬಸ್ಸಿನ ಹೊತ್ತಾಗುವವರೆಗೂ ನಡೆಯಿತು.

ಅದೇ ತಿಂಗಳು ಮಾಗಡಿ ಕೆರೆಗೆ ಕರೆದುಕೊಂಡು ಹೋದೆ. ಶಿರಹಟ್ಟಿಯಿಂದ ಹತ್ತಿರವೇ. ಗ್ಲೋಬೂ ಬಂತು, ಬಟ್ಟೆಯಲ್ಲಿ ಸುತ್ತಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ನಮ್ಮ ಹೊಲಗಳ ಕಾಳು ಮೇಯಲು ಬರುವ ಹಕ್ಕಿಗಳು. ಏಳು ಸಾವಿರ ಮೀಟರ್ ಎತ್ತರದಲ್ಲೂ ಹಾರಿದ್ದು ದಾಖಲಾಗಿದೆ. ದಡದಲ್ಲಿ ಕುಳಿತು ಸರ ಹಿಡಿದು ಅಳೆದೆವು: ಮಂಗೋಲಿಯಾಕ್ಕೆ ಇಪ್ಪತ್ತೈದು ಕಾಳು. ‘ಇವಕ್ಕೆ ನಕ್ಷೆ ಯಾರು ಕೊಟ್ಟರು?’ ಎಂದು ನಾಲ್ಕನೆಯ ತರಗತಿಯ ಹುಡುಗ ಕೇಳಿದ. ಮಾಗಡಿ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು. ರಾಮ್ಸಾರ್ ಎಂದರೆ ಇರಾನಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯ ಒಂದು ಊರು. 1971ರ ಫೆಬ್ರುವರಿ 2ರಂದು ಅಲ್ಲಿ ಸೇರಿದ ದೇಶಗಳು ಜೌಗು ನೆಲಗಳನ್ನೂ ಕೆರೆಗಳನ್ನೂ ಕಾಪಾಡುವ ಒಪ್ಪಂದ ಮಾಡಿಕೊಂಡವು. ಎಲ್ಲಿಯದೋ ಊರಿನ ಹೆಸರು ನಮ್ಮ ಕೆರೆಗೆ ಅಂಟಿಕೊಂಡಿದೆ ಎಂಬುದು ಮಕ್ಕಳಿಗೆ ಬಹಳ ಸೋಜಿಗ. ಅಲ್ಲಿಯೇ ಕೆರೆಯ ದಂಡೆಯಲ್ಲಿ ಇರಾನ್ ಮತ್ತು ಮಂಗೋಲಿಯಾದ ಚೀಟಿ ಬರೆದೆವು.

ದೋಷಗಳನ್ನು ಹೇಳಬೇಕು. ಎರಡು ಅರ್ಧಗೋಳಗಳನ್ನು ಸಮಭಾಜಕ ವೃತ್ತದಲ್ಲಿ ಅಂಟಿಸಿದ್ದಾರೆ, ಸರಿಯಾಗಿ ಕೂಡಿಲ್ಲ. ಎರಡು ಮಿಲಿಮೀಟರ್ ಸರಿದಿದೆ, ಅಂದರೆ ಸುಮಾರು ಎಂಬತ್ನಾಲ್ಕು ಕಿಲೋಮೀಟರ್. ಕಾಂಗೊ ನದಿ ಸಮಭಾಜಕ ವೃತ್ತವನ್ನು ಎರಡು ಸಲ ದಾಟುತ್ತದೆ, ಎರಡೂ ಕಡೆ ತುಂಡಾಗಿದೆ. ಇದನ್ನು ಮೊದಲು ಕಂಡವನು ಒಬ್ಬ ವಿದ್ಯಾರ್ಥಿ. ‘ಅಕ್ಕೋರೇ, ಇಲ್ಲಿ ನದಿ ಹರಿದಿದೆ’ ಎಂದು ಓಡಿ ಬಂದ. ಅಂಟಿನ ಮೇಲೆ ಸುತ್ತಿದ ಪಟ್ಟಿ ಎಷ್ಟು ದಪ್ಪವೆಂದರೆ ಅಲ್ಲಿ ನಿಜವಾಗಿಯೂ ಗೋಡೆ ಇದೆಯೇ ಎಂದು ಕೆಲವರು ಕೇಳಿದರು. ಮೈ ವಿಪರೀತ ಹೊಳಪು, ಕಿಟಕಿಯ ಬಳಿ ಇಟ್ಟರೆ ಅರ್ಧ ಏಷ್ಯಾ ಕಾಣುವುದಿಲ್ಲ. ಕಡುನೀಲಿ ಸಮುದ್ರದ ಮೇಲೆ ಕಪ್ಪು ಅಕ್ಷರ ಹಾಕಿದ್ದಾರೆ, ದ್ವೀಪಗಳ ಹೆಸರು ಓದಲು ಬೇಟರಿ ಹಿಡಿಯಬೇಕು. ಮೂರು ತಿಂಗಳಿಗೆ ಮೇಲಿನ ನಟ್ಟು ಸಡಿಲವಾಯಿತು. ಅಂಗಡಿಗೆ ಹೋದಾಗ ಬಿಲ್ ಕೂಡ ಕೇಳದೆ ಹೊಸ ನಟ್ಟು, ಒಂದು ವಾಷರ್ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಅಂಟು ಸರಿದದ್ದನ್ನು ತೋರಿಸಿದಾಗ ಅವರೇ ಒಳಗಿನಿಂದ ಇನ್ನೂ ನಾಲ್ಕು ಡಬ್ಬಿ ತಂದು ಬಿಚ್ಚಿದರು. ಎಲ್ಲದರಲ್ಲೂ ಕಾಂಗೊ ತುಂಡಾಗಿಯೇ ಇತ್ತು. ತಯಾರಿಸುವವರಿಗೆ ತಿಳಿಸುತ್ತೇನೆ ಎಂದರು.

ಇಷ್ಟಿದ್ದರೂ ಪ್ರಾಥಮಿಕ ಶಾಲೆಗೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಹನ್ನೆರಡು ಇಂಚಿಗೆ ಇನ್ನೊಂದು ಗುಣವಿದೆ: ಭೂಮಿ ಒಂದು ಅಡಿ ಅಗಲವಾದರೆ ಚಂದ್ರ ಒಂದು ಮೂಸಂಬಿ, ಮೂವತ್ತು ಅಡಿ ದೂರ. ನಮ್ಮಲ್ಲಿ ಅದು ತರಗತಿಯಿಂದ ಹೊರಗೆ ಬೇವಿನ ಮರದ ಬುಡಕ್ಕೆ ಬರುತ್ತದೆ. ಮೂಸಂಬಿ ಹಿಡಿದು ನಿಂತ ಹುಡುಗನನ್ನು ಇನ್ನೂ ಹಿಂದೆ, ಇನ್ನೂ ಹಿಂದೆ ಎಂದು ಕಳಿಸುವಾಗ ಉಳಿದವರ ಮುಖ ನೋಡಬೇಕು. ಎಂಟು ಇಂಚಿನದರಲ್ಲಿ ಈ ಲೆಕ್ಕ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಜೊತೆಗೆ ಟೇಪು, ಉಣ್ಣೆಯ ದಾರ, ಟಿಕಳಿ ಪ್ಯಾಕೆಟ್ಟು, ಹಿಡಿ ಜೋಳ ಇಟ್ಟುಕೊಳ್ಳಿ. ಕಪಾಟಿನಲ್ಲಿ ಮಾತ್ರ ಇಡಬೇಡಿ.

ಯುಗಾದಿಗೆ ಗೋವಾದಿಂದ ಆ ಹುಡುಗಿಯ ಅಪ್ಪ ಬಂದಿದ್ದರು. ಶಾಲೆಗೂ ಬಂದರು. ಮಗಳು ಕೈ ಹಿಡಿದು ಗ್ಲೋಬಿನ ಹತ್ತಿರ ಕರೆದೊಯ್ದು, ನಮ್ಮ ಕೆಂಪು ಟಿಕಳಿಯಿಂದ ಒಂದು ಕಾಳು ಪಶ್ಚಿಮಕ್ಕೆ ಹಚ್ಚಿದ್ದ ಹಸಿರು ಟಿಕಳಿಯನ್ನು ತೋರಿಸಿದಳು. ಅವರು ಬಗ್ಗಿ ನೋಡಿ, ತಮ್ಮ ಜೊತೆ ಕೆಲಸ ಮಾಡುವ ಒಬ್ಬ ಹುಡುಗ ನೇಪಾಳದವನು, ಅದು ಎಲ್ಲಿದೆ ಎಂದು ಕೇಳಿದರು. ನಮ್ಮಲ್ಲಿ ನೇಪಾಳದ ಚೀಟಿ ಇನ್ನೂ ಇರಲಿಲ್ಲ. ಹುಡುಗಿ ಕತ್ತರಿ ತರಲು ಓಡಿದಳು.